ಕಾಯಿಲ್ಡ್ ಕಾಯಿಲ್ ಪ್ರೋಟೀನ್ ಬಿಚ್ಚಿಕೊಳ್ಳುವುದು ಎಷ್ಟು ಬಲಕ್ಕೆ? ಒಂದೊಂದು ಕಡೆ ಒಂದೊಂದು ಅಂಕಿ ಏಕೆ?

ಏಳರಮಗ್ಗಿ

ಕಾಯಿಲ್ಡ್ ಕಾಯಿಲ್‌ಗಳ (ಎರಡು ಅಥವಾ ಹೆಚ್ಚು ಆಲ್ಫಾ ಹೆಲಿಕ್ಸ್ ಎಳೆಗಳು ಒಂದಕ್ಕೊಂದು ಹೊಸೆದುಕೊಂಡ ಪ್ರೋಟೀನ್) ಯಾಂತ್ರಿಕ ಬಲದ ಬಗ್ಗೆ ಓದಿದಷ್ಟೂ ಅಂಕಿಗಳು ತಾಳೆಯಾಗುತ್ತಿಲ್ಲ. ಯೀಸ್ಟ್‌ನ ಜಿಸಿಎನ್4 ಪ್ರೋಟೀನಿನ ಲ್ಯೂಸಿನ್ ಜಿಪ್ಪರ್ (ಗಿಡ್ಡ ಕಾಯಿಲ್ಡ್ ಕಾಯಿಲ್ ಭಾಗ) 8ರಿಂದ 15 ಪಿಕೋನ್ಯೂಟನ್‌ಗೆ ಬಿಚ್ಚಿಕೊಳ್ಳುತ್ತದೆ ಎಂದು ಒಂದು ಕಡೆ ಇದೆ. ಸ್ನಾಯು ಪ್ರೋಟೀನ್ ಮಯೋಸಿನ್‌ನ ಬಾಲ 20ರಿಂದ 25 ಪಿಕೋನ್ಯೂಟನ್‌ಗೆ ಹಿಗ್ಗುತ್ತದೆ ಎಂದು ಇನ್ನೊಂದು ಕಡೆ. ನಾಲ್ಕೈದು ಹೆಪ್ಟಾಡ್‌ನ (ಮರುಕಳಿಸುವ ಏಳು ಅಮೈನೋ ಆಮ್ಲಗಳ ಗುಂಪು, ಸ್ಥಾನಗಳಿಗೆ ‘ಎ’ಯಿಂದ ‘ಜಿ’ವರೆಗೆ ಹೆಸರು) ಕೃತಕ ಜೋಡಿಗಳನ್ನು ಎದುರುಬದುರು ತುದಿಗಳಿಂದ ಎಳೆದವರು ಅದಕ್ಕಿಂತ ಹೆಚ್ಚಿನ ಬಲ ಕಂಡಿದ್ದಾರೆ. ಸಿಮ್ಯುಲೇಶನ್ ಮಾಡಿದವರ ಅಂಕಿ ನೂರಾರು ಪಿಕೋನ್ಯೂಟನ್. ಎಲ್ಲದರ ತಿರುಳೂ ಒಂದೇ: ‘ಎ’ ಮತ್ತು ‘ಡಿ’ ಸ್ಥಾನಗಳಲ್ಲಿ ನೀರೊಲ್ಲದ ಅಮೈನೋ ಆಮ್ಲಗಳು, ‘ಇ’ ಮತ್ತು ‘ಜಿ’ ಸ್ಥಾನಗಳಲ್ಲಿ ವಿರುದ್ಧ ವಿದ್ಯುದಂಶದ ಜೋಡಿಗಳು. ಹಾಗಿದ್ದ ಮೇಲೆ ಇಷ್ಟೊಂದು ಅಂತರ ಎಲ್ಲಿಂದ?

ಇನ್ನೊಂದು ವಿಷಯ. 4 ಹೆಪ್ಟಾಡ್ ಉದ್ದದ ಜೋಡಿಯೊಂದನ್ನು ಆಪ್ಟಿಕಲ್ ಟ್ವೀಜರ್‌ನಲ್ಲಿ (ಲೇಸರ್ ಬೆಳಕಿನಿಂದ ಮಣಿಗಳನ್ನು ಹಿಡಿದು ಎಳೆಯುವ ಉಪಕರಣ) ಅಳೆಯಬೇಕಿದೆ. ಎರಡು ಎಳೆಗಳೂ ಒಂದೇ ಅನುಕ್ರಮದವು. ಕನ್‌ಸ್ಟ್ರಕ್ಟ್ (ಅಳತೆಗಾಗಿ ಕಟ್ಟುವ ಅಣು) ಹೇಗಿರಬೇಕು, ಎಲ್ಲಿ ಕೆಡುತ್ತದೆ ಎಂದು ಬಲ್ಲವರು ಹೇಳಿ.

ಬೆಳಕಿನಚಿಮಟ

ನೀವು ಕೊಟ್ಟ ಅಂಕಿಗಳೆಲ್ಲವೂ ಸರಿಯೇ, ಆದರೆ ಅವು ಬೇರೆ ಬೇರೆ ಪ್ರಶ್ನೆಗಳ ಉತ್ತರಗಳು. ‘ಕಾಯಿಲ್ಡ್ ಕಾಯಿಲ್‌ನ ಬಲ’ ಎಂಬ ಒಂದೇ ಅಂಕಿ ಇಲ್ಲವೇ ಇಲ್ಲ. ಯಾವ ತುದಿಗಳನ್ನು ಹಿಡಿದು ಎಳೆಯುತ್ತೀರಿ ಎನ್ನುವುದೇ ಮೊದಲು ಇತ್ಯರ್ಥವಾಗಬೇಕು.

ಎರಡು ಎಳೆಗಳನ್ನೂ ಒಂದೇ ಬದಿಯ ತುದಿಯಲ್ಲಿ ಹಿಡಿದು ಅಗಲಿಸಿದರೆ ಅದು ಜಿಪ್ ಬಿಚ್ಚಿದ ಹಾಗೆ. ಬಲ ಬೀಳುವುದು ಕವಲಿನಲ್ಲಿರುವ ಒಂದೇ ಒಂದು ಹೆಪ್ಟಾಡ್‌ನ ಮೇಲೆ. ಹಿಂದಿನವು ತಮ್ಮ ಸರದಿ ಬರುವ ತನಕ ಸುಮ್ಮನಿರುತ್ತವೆ. ಆದ್ದರಿಂದ ಜಿಪ್ ಬಿಚ್ಚುವ ಬಲ ಒಟ್ಟು ಉದ್ದವನ್ನು ಹೆಚ್ಚುಕಡಿಮೆ ಅವಲಂಬಿಸುವುದಿಲ್ಲ. 4 ಹೆಪ್ಟಾಡ್ ಇರಲಿ, 40 ಇರಲಿ, ಅದೇ 10ರ ಆಸುಪಾಸು. ಇದರ ಲಾಭವೆಂದರೆ ಬಲದ ಏರಿಳಿತ ಅನುಕ್ರಮದ ನಕ್ಷೆಯಾಗಿ ಸಿಗುತ್ತದೆ. ಎಲ್ಲಿ ‘ಎ’ ಸ್ಥಾನದಲ್ಲಿ ಆಸ್ಪರಾಜಿನ್ ಇದೆಯೋ ಅಲ್ಲಿ ಬಲ ತಗ್ಗುತ್ತದೆ.

ಒಂದು ಎಳೆಯ ಈ ತುದಿ, ಇನ್ನೊಂದರ ಆ ತುದಿ ಹಿಡಿದರೆ ಅದು ಶಿಯರ್. ಎಳೆಗಳು ಒಂದರ ಮೇಲೊಂದು ಜಾರಲು ನೋಡುತ್ತವೆ, ಎಲ್ಲ ಹೆಪ್ಟಾಡ್‌ಗಳೂ ಒಟ್ಟಿಗೆ ತಡೆಯುತ್ತವೆ. ಹಾಗಾಗಿ ಬಲವೂ ಹೆಚ್ಚು, ಉದ್ದ ಹೆಚ್ಚಿದಂತೆ ಬಲ ಏರುವುದೂ ನಿಜ. ಆದರೆ ಆ ಏರಿಕೆಗೆ ಮಿತಿ ಇದೆ. ಹೊರೆ ಎಲ್ಲ ಕಡೆ ಸಮನಾಗಿ ಹಂಚಿಹೋಗುವುದಿಲ್ಲ, ಎರಡು ತುದಿಗಳಲ್ಲೇ ಹೆಚ್ಚು ಕೂಡುತ್ತದೆ. ಎಳೆಯುತ್ತಿರುವ ತುದಿಗಳಲ್ಲಿ ಹೆಲಿಕ್ಸ್‌ನ ಸುತ್ತುಗಳು ಮೊದಲು ಬಿಚ್ಚಿಕೊಳ್ಳುತ್ತವೆ, ಆ ಮೇಲೆ ಉಳಿದ ಭಾಗ ಜಾರುತ್ತದೆ. ಹಾಗಾಗಿ ‘ಹೆಪ್ಟಾಡ್ ಒಂದಕ್ಕೆ ಇಷ್ಟು’ ಎಂದು ಗುಣಿಸಿ ಉದ್ದದ ಜೋಡಿಯ ಬಲ ಅಂದಾಜಿಸಬೇಡಿ.

ಮೂರನೆಯದು ಮಯೋಸಿನ್‌ನದು. ಉದ್ದದ ಕಾಯಿಲ್‌ನ ಎರಡೂ ತುದಿಗಳನ್ನು ಹಿಡಿದು ಉದ್ದಕ್ಕೆ ಎಳೆಯುವುದು. ಎಳೆಗಳಿಗೆ ಬೇರಾಗಲು ದಾರಿಯಿಲ್ಲ, ಹೆಲಿಕ್ಸೇ ಬಿಚ್ಚಬೇಕು. 2002ರಲ್ಲಿ ಎಎಫ್‌ಎಂನಲ್ಲಿ (ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್, ಬಾಗುವ ಸಣ್ಣ ಕಡ್ಡಿಯಿಂದ ಅಣುವನ್ನು ಎಳೆಯುವ ಉಪಕರಣ) ಅಳೆದಾಗ 20–25 ಪಿಕೋನ್ಯೂಟನ್‌ನಲ್ಲಿ ಸಮತಟ್ಟಾದ ರೇಖೆ ಸಿಕ್ಕಿತು. ಸುಮಾರು ಎರಡೂವರೆ ಪಟ್ಟು ಹಿಗ್ಗಿದ ಮೇಲೆ ರೇಖೆ ಮತ್ತೆ ಕಡಿದಾಗಿ ಏರುತ್ತದೆ. ಬಲ ಸಡಿಲಿಸಿದರೆ ಒಂದು ಸೆಕೆಂಡಿನೊಳಗೆ ಮೊದಲಿನಂತೆ ಮಡಿಚಿಕೊಳ್ಳುತ್ತದೆ. ಇಮ್ಯುನೋಗ್ಲಾಬ್ಯುಲಿನ್ ಮಡಿಕೆಯಂಥ ಗುಂಡು ಡೊಮೇನ್‌ಗಳು ಬಿಚ್ಚುವಾಗಿನ ಗರಗಸದ ಹಲ್ಲು ಇಲ್ಲಿ ಕಾಣುವುದಿಲ್ಲ.

ಈ ಮೂರನೆಯ ಬಗೆಯಲ್ಲಿ ಉಪಕರಣ ತೋರಿಸುವ ಬಲ ಇಡೀ ಜೋಡಿಯದು. ಎರಡೂ ಎಳೆಗಳು ಎರಡೂ ತುದಿಯಲ್ಲಿ ಗಟ್ಟಿಯಾಗಿ ಹಿಡಿದಿದ್ದರೆ ಒಂದೊಂದು ಎಳೆಗೆ ಬರುವುದು ಅದರ ಅರ್ಧ. ಜಿಪ್ ಬಿಚ್ಚುವಾಗ ಹಾಗಲ್ಲ, ಪೂರ್ತಿ ಬಲ ಎಳೆಯ ಮೂಲಕವೇ ಹಾಯುತ್ತದೆ. ಇಷ್ಟನ್ನು ಲೆಕ್ಕಕ್ಕೆ ತಂದರೆ 12 ಮತ್ತು 25ರ ನಡುವಿನ ಜಗಳ ಬಹುಪಾಲು ಕಡಿಮೆಯಾಗುತ್ತದೆ.

ನೂಲೆಳೆ

ಮೂರನೆಯ ಬಗೆಗೆ ಒಂದು ಮಾತು ಸೇರಿಸುತ್ತೇನೆ. ಹೊಸೆದ ಹಗ್ಗದ ಹಾಗೆ ಮೊದಲು ಹೊಸೆತ ಬಿಡಿಸಿಕೊಂಡು ಉದ್ದವಾಗುತ್ತದೆ, ಆಮೇಲೆ ಹೆಲಿಕ್ಸ್ ಬಿಚ್ಚುತ್ತದೆ ಎಂದು ಬಹಳ ಮಂದಿ ಭಾವಿಸುತ್ತಾರೆ. ಲೆಕ್ಕ ಹಾಕಿ ನೋಡಿ. ಜಿಸಿಎನ್4ನಂಥ ಜೋಡಿಯಲ್ಲಿ ದೊಡ್ಡ ಸುರುಳಿಯ ಒಂದು ಸುತ್ತಿಗೆ ಸುಮಾರು 14.8 ನ್ಯಾನೋಮೀಟರ್, ತ್ರಿಜ್ಯ 0.49. ಒಂದು ಸುತ್ತಿನಲ್ಲಿ ಹೆಲಿಕ್ಸ್ ನಡೆಯುವ ದಾರಿ 15.1 ನ್ಯಾನೋಮೀಟರ್. ಅಂದರೆ ಹೊಸೆತ ಪೂರ್ತಿ ಬಿಡಿಸಿದರೂ ಸಿಗುವ ಹೆಚ್ಚುವರಿ ಉದ್ದ ಶೇ. 2 ಮಾತ್ರ. ಅದಕ್ಕಿಂತ ಹೆಚ್ಚು ಹಿಗ್ಗಿದೆ ಎಂದರೆ ಹೆಲಿಕ್ಸ್‌ನೊಳಗಿನ ಹೈಡ್ರೋಜನ್ ಬಂಧಗಳು ಕಡಿದಿವೆ ಎಂದೇ ತಿಳಿಯಬೇಕು.

ಏಳರಮಗ್ಗಿ

ಈ ಶೇ. 2 ಕಣ್ಣು ತೆರೆಸಿತು, ಧನ್ಯವಾದ. ಹಾಗಾದರೆ ಆ ಎರಡೂವರೆ ಪಟ್ಟು ಎಂಬುದು ಆಲ್ಫಾ ಹೆಲಿಕ್ಸ್ ಬೀಟಾ ಹಾಳೆಯಾಗಿ ಬದಲಾಗುವುದೋ, ಅಥವಾ ಬರೀ ಬಿಚ್ಚಿದ ಸರಪಳಿಯೋ?

ನೂಲೆಳೆ

ಉದ್ದ ಒಂದನ್ನೇ ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಹೆಲಿಕ್ಸ್‌ನಲ್ಲಿ ಒಂದು ಅಮೈನೋ ಆಮ್ಲಕ್ಕೆ 0.15 ನ್ಯಾನೋಮೀಟರ್. ಬೀಟಾ ಎಳೆಯಲ್ಲಿ 0.33ರಿಂದ 0.34, ಅಂದರೆ ಸುಮಾರು 2.2 ಪಟ್ಟು. ಪೂರ್ತಿ ಚಾಚಿದ ಸರಪಳಿಯಲ್ಲಿ 0.36ರಿಂದ 0.38, ಅಂದರೆ 2.4–2.5 ಪಟ್ಟು. ಒಂದೇ ಅಣುವಿನ ಬಲ–ಉದ್ದ ರೇಖೆಯಲ್ಲಿ ಇವೆರಡನ್ನು ಬೇರ್ಪಡಿಸುವಷ್ಟು ನಿಖರತೆ ಸಿಗುವುದು ಕಷ್ಟ.

ಬೀಟಾ ಆಗಬೇಕಾದರೆ ಚಾಚಿದ ಎಳೆ ಪಕ್ಕದ ಇನ್ನೊಂದು ಚಾಚಿದ ಎಳೆಯೊಂದಿಗೆ ಹೈಡ್ರೋಜನ್ ಬಂಧ ಮಾಡಿಕೊಳ್ಳಬೇಕು. ಅದಕ್ಕೆ ಎಳೆಗಳು ಹತ್ತಿರ ಇರಬೇಕು, ಸಮಯವೂ ಬೇಕು. ಗಿಡ್ಡ ಜೋಡಿಯನ್ನು ಶಿಯರ್‌ನಲ್ಲಿ ಎಳೆದರೆ ಅವು ಬೀಟಾ ಆಗುವ ಮೊದಲೇ ಜಾರಿ ಬೇರಾಗುತ್ತವೆ. ಉದ್ದದ ಜೋಡಿಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಸಾವಿರಾರು ಎಳೆಗಳು ಒತ್ತಾಗಿ ಜೋಡಿಸಿಕೊಂಡ ನಾರುಗಳಲ್ಲಿ, ಬೀಟಾ ಪರಿವರ್ತನೆ ಚೆನ್ನಾಗಿ ಕಾಣುತ್ತದೆ. ನಾರಿನ ವಿಷಯ ಕೆರಾಟಿನ್ ಅವರು ಹೇಳಿದರೆ ಒಳ್ಳೆಯದು.

ಕೆರಾಟಿನ್

ಬೀಟಾ ಪರಿವರ್ತನೆಯ ಕಥೆ ಶುರುವಾದದ್ದೇ ನಾರಿನಲ್ಲಿ. 1930ರ ದಶಕದಲ್ಲಿ ಆಸ್ಟ್‌ಬರಿ ಉಣ್ಣೆಯ ನಾರನ್ನು ಒದ್ದೆ ಮಾಡಿ ಎಳೆದು ಎಕ್ಸ್-ರೇ ಚಿತ್ರ ತೆಗೆದಾಗ ಮಾದರಿಯೇ ಬದಲಾಯಿತು. ಎಳೆಯದ ನಾರಿನ ಚಿತ್ರವನ್ನು ಆಲ್ಫಾ, ಎಳೆದದ್ದನ್ನು ಬೀಟಾ ಎಂದು ಕರೆದರು. ಆಲ್ಫಾ ಚಿತ್ರದಲ್ಲಿ ನಾರಿನ ಅಕ್ಷದ ದಿಕ್ಕಿನಲ್ಲಿ 0.515 ನ್ಯಾನೋಮೀಟರ್‌ನ ಗುರುತು ಇತ್ತು. ಪಾಲಿಂಗ್ ಅವರ ಹೆಲಿಕ್ಸ್ ಪ್ರಕಾರ ಅದು 0.54 ಇರಬೇಕಿತ್ತು. 1953ರಲ್ಲಿ ಕ್ರಿಕ್, ಹಾಗೆಯೇ ಪಾಲಿಂಗ್ ಮತ್ತು ಕೋರಿ, ಹೆಲಿಕ್ಸ್‌ಗಳು ಒಂದಕ್ಕೊಂದು ಸುತ್ತಿಕೊಂಡಿವೆ ಎಂದು ಸೂಚಿಸಿದ ಮೇಲೆ ಈ ವ್ಯತ್ಯಾಸ ಬಗೆಹರಿಯಿತು. ಸುತ್ತಿಕೊಂಡಾಗ 3.6ರ ಬದಲು 3.5 ಅಮೈನೋ ಆಮ್ಲಕ್ಕೆ ಒಂದು ಸುತ್ತು, ಎರಡು ಸುತ್ತಿಗೆ ಸರಿಯಾಗಿ ಏಳು. ಹೆಪ್ಟಾಡ್ ಬಂದದ್ದು ಇಲ್ಲಿಂದಲೇ.

ಒದ್ದೆ ಉಣ್ಣೆಯ ಎಳೆತದ ರೇಖೆಯಲ್ಲಿ ಮೂರು ಭಾಗ ಸ್ಪಷ್ಟ. ಶೇ. 2ರವರೆಗೆ ನೇರ ಏರಿಕೆ, ಮಾಡ್ಯುಲಸ್ ಸುಮಾರು 2 ಗಿಗಾಪಾಸ್ಕಲ್. ಶೇ. 2ರಿಂದ 30ರವರೆಗೆ ಬಹುತೇಕ ಸಮತಟ್ಟು. ಆಮೇಲೆ ಮತ್ತೆ ಕಡಿದಾದ ಏರಿಕೆ. ಸಮತಟ್ಟಾದ ಭಾಗದೊಳಗೇ ನಿಲ್ಲಿಸಿ ನೀರಿನಲ್ಲಿ ಬಿಟ್ಟರೆ ನಾರು ಮೊದಲಿನ ಉದ್ದಕ್ಕೆ ಬರುತ್ತದೆ. ಮಯೋಸಿನ್‌ನ ಒಂದೇ ಅಣುವಿನ ರೇಖೆಯನ್ನು ಇದರ ಪಕ್ಕ ಇಟ್ಟರೆ ಆಕಾರ ಒಂದೇ. ಆದರೆ ಆಕಾರ ಒಂದೇ ಎಂಬ ಕಾರಣಕ್ಕೆ ಒಳಗಿನ ಘಟನೆಯೂ ಒಂದೇ ಎನ್ನಬಾರದು. ಉಣ್ಣೆಯಲ್ಲಿ ಕೆರಾಟಿನ್ ನಾರುಗಳ ಸುತ್ತ ಸಲ್ಫರ್ ಹೆಚ್ಚಿರುವ ಮ್ಯಾಟ್ರಿಕ್ಸ್ ಇದೆ, ಡೈಸಲ್ಫೈಡ್ ಬಂಧಗಳು ತುಂಬಿವೆ. ಗಡಸುತನದ ದೊಡ್ಡ ಪಾಲು ಅದರದ್ದು.

ಮ್ಯಾಟ್ರಿಕ್ಸ್ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಹ್ಯಾಗ್‌ಫಿಶ್ ಎಂಬ ಕಡಲಜೀವಿಯ ಲೋಳೆಯ ದಾರ ಅತ್ಯುತ್ತಮ ಉದಾಹರಣೆ. ಅದೂ ಇಂಟರ್ಮೀಡಿಯೆಟ್ ಫಿಲಮೆಂಟ್‌ಗಳದ್ದೇ (ಕೆರಾಟಿನ್ ಸೇರಿರುವ ನಾರು ಪ್ರೋಟೀನ್‌ಗಳ ಕುಟುಂಬ), ಅದೂ ಕಾಯಿಲ್ಡ್ ಕಾಯಿಲ್. ನೀರಿನಲ್ಲಿ ಅದರ ಆರಂಭಿಕ ಮಾಡ್ಯುಲಸ್ ಸುಮಾರು 6 ಮೆಗಾಪಾಸ್ಕಲ್ ಮಾತ್ರ, ಉಣ್ಣೆಗಿಂತ ಮುನ್ನೂರು ಪಟ್ಟು ಮೆದು. ಶೇ. 35ರ ಸುಮಾರಿನವರೆಗೆ ಎಳೆದು ಬಿಟ್ಟರೆ ವಾಪಸ್ ಬರುತ್ತದೆ. ಅದನ್ನು ದಾಟಿದರೆ ಬೀಟಾ ಆಗುತ್ತ ಹೋಗುತ್ತದೆ, ಹಿಗ್ಗಿದ್ದು ಹಿಗ್ಗಿಯೇ ಉಳಿಯುತ್ತದೆ. ಮುರಿಯುವ ಮೊದಲು ಶೇ. 200ಕ್ಕಿಂತ ಹೆಚ್ಚು ಹಿಗ್ಗುತ್ತದೆ.

ಬೀಟಾ ಆಗಿದೆಯೇ ಎಂದು ಪಕ್ಕಾ ಮಾಡಿಕೊಳ್ಳಲು ಎಕ್ಸ್-ರೇಯಲ್ಲಿ 0.515ರ ಗುರುತು ಮಸುಕಾಗಿ, ಅಡ್ಡ ದಿಕ್ಕಿನಲ್ಲಿ 0.47ರ ಸುಮಾರಿಗೆ ಹೊಸದು ಬರುವುದನ್ನು ನೋಡಿ. ಇನ್‌ಫ್ರಾರೆಡ್‌ನಲ್ಲಾದರೆ ಅಮೈಡ್-1 ಶಿಖರ (ಪೆಪ್ಟೈಡ್ ಬಂಧದ ಹೀರಿಕೆ) 1650ರಿಂದ 1620–1630 ಸೆಂ.ಮೀ⁻¹ಗೆ ಸರಿಯುತ್ತದೆ. ಆದರೆ ನೀರು ಕೂಡ 1640–1645ರಲ್ಲಿ ಹೀರುತ್ತದೆ, ಸಣ್ಣ ಬದಲಾವಣೆ ಅದರಡಿ ಮುಚ್ಚಿಹೋಗುತ್ತದೆ. ಭಾರಜಲ ಬಳಸಿ. ಆಗ ಎಲ್ಲ ಶಿಖರಗಳೂ ಐದರಿಂದ ಹತ್ತು ಅಂಕ ಕೆಳಗೆ ಬರುತ್ತವೆ, ಅದನ್ನು ಬೀಟಾ ಎಂದು ಓದಿಕೊಳ್ಳಬೇಡಿ.

ಸಮೀಕರಣ

ಸಿಮ್ಯುಲೇಶನ್‌ನ ನೂರಾರು ಪಿಕೋನ್ಯೂಟನ್ ಬಗ್ಗೆ ಯಾರೂ ಹೇಳಲಿಲ್ಲ. ಅದು ವೇಗದ ಫಲ. ಸಾಮಾನ್ಯ ಎಎಫ್‌ಎಂ ಪ್ರಯೋಗದಲ್ಲಿ ಎಳೆಯುವ ವೇಗ ಸೆಕೆಂಡಿಗೆ 1 ಮೈಕ್ರೋಮೀಟರ್. ಅಣುಗಳ ಸಿಮ್ಯುಲೇಶನ್‌ನಲ್ಲಿ ಸೆಕೆಂಡಿಗೆ 0.1ರಿಂದ 10 ಮೀಟರ್. ಲಕ್ಷದಿಂದ ಕೋಟಿ ಪಟ್ಟು ವ್ಯತ್ಯಾಸ.

ಸರಳವಾದ ಬೆಲ್–ಇವಾನ್ಸ್ ಮಾದರಿಯಲ್ಲಿ ಬಲ ಏರುವ ದರ ಹತ್ತು ಪಟ್ಟಾದರೆ ಬಿಚ್ಚುವ ಬಲ 2.3 ಕೆಟಿ ಭಾಗಿಸು ತಡೆಗೋಡೆಯ ದೂರದಷ್ಟು (ಕೆಟಿ ಎಂದರೆ ಉಷ್ಣ ಶಕ್ತಿಯ ಅಳತೆ, ತಡೆಗೋಡೆಯ ದೂರ ಎಂದರೆ ಬಿಚ್ಚಿಕೊಳ್ಳುವ ಮೊದಲು ಅಣು ಹಿಗ್ಗಬೇಕಾದ ದೂರ) ಏರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಟಿ ಎಂದರೆ 4.1 ಪಿಕೋನ್ಯೂಟನ್–ನ್ಯಾನೋಮೀಟರ್. ತಡೆಗೋಡೆಯ ದೂರ 1 ನ್ಯಾನೋಮೀಟರ್ ಆದರೆ ಪ್ರತಿ ಹತ್ತು ಪಟ್ಟಿಗೆ 9.5 ಪಿಕೋನ್ಯೂಟನ್, 0.3 ಆದರೆ 31. ಸಿಮ್ಯುಲೇಶನ್‌ನ ವೇಗದಲ್ಲಿ ಈ ಸೂತ್ರವೂ ಕೈಕೊಡುತ್ತದೆ, ನೀರಿನ ಘರ್ಷಣೆಯೇ ಮೇಲುಗೈ ಪಡೆದು ಬಲ ಇನ್ನೂ ಬೇಗ ಏರುತ್ತದೆ. ಆದ್ದರಿಂದ ಸಿಮ್ಯುಲೇಶನ್‌ನಿಂದ ಕಲಿಯಬೇಕಾದದ್ದು ಘಟನೆಗಳ ಕ್ರಮವನ್ನು: ಯಾವ ಹೆಪ್ಟಾಡ್ ಮೊದಲು, ಜಾರುವುದೋ ಬಿಚ್ಚುವುದೋ, ನೀರು ತಿರುಳಿಗೆ ಎಲ್ಲಿಂದ ನುಗ್ಗುತ್ತದೆ. ಬಲದ ಅಂಕಿಯನ್ನು ಪ್ರಯೋಗದ ಅಂಕಿಯ ಪಕ್ಕ ಇಟ್ಟು ಹೋಲಿಸಬಾರದು. ಕ್ರಮವನ್ನೂ ಎರಡು ಮೂರು ವೇಗಗಳಲ್ಲಿ ಓಡಿಸಿ ನೋಡಬೇಕು, ವೇಗ ಇಳಿಸಿದಾಗ ದಾರಿ ಬದಲಾಗುವುದುಂಟು.

ಜಿಪ್ ಬಿಚ್ಚುವಿಕೆಯಲ್ಲಿ ವೇಗದ ಪ್ರಭಾವ ಅಷ್ಟಾಗಿ ಕಾಣದಿರಲು ಕಾರಣ, ಅಲ್ಲಿ ಬಿಚ್ಚುವುದೂ ಮಡಿಚುವುದೂ ಮಿಲಿಸೆಕೆಂಡುಗಳಲ್ಲಿ ನಡೆಯುತ್ತವೆ. ನಿಧಾನವಾಗಿ ಎಳೆದರೆ ಎಲ್ಲವೂ ಸಮತೋಲನದಲ್ಲೇ ಇರುತ್ತದೆ. ಶಿಯರ್‌ನಲ್ಲಿ ಬೇರಾದ ಎಳೆಗಳು ಮತ್ತೆ ಸೇರುವುದಿಲ್ಲ. ಅಲ್ಲಿ ದರ ಬರೆಯದೆ ಬಲ ಮಾತ್ರ ಬರೆದರೆ ಆ ಅಂಕಿಯಿಂದ ಉಪಯೋಗವಿಲ್ಲ.

ಏಳರಮಗ್ಗಿ

ಈಗ ಚಿತ್ರ ಸ್ಪಷ್ಟವಾಯಿತು. ನಮಗೆ ಬೇಕಾಗಿರುವುದು ಜಿಪ್ ಬಗೆಯದು. ಕನ್‌ಸ್ಟ್ರಕ್ಟ್ ಬಗ್ಗೆ ಹೇಳಿ. ಎಎಫ್‌ಎಂ ಸುಲಭವಾಗಿ ಸಿಗುತ್ತದೆ, ಅದರಲ್ಲೇ ಆಗುತ್ತದೆಯೇ ಎಂಬ ಪ್ರಶ್ನೆಯೂ ಇದೆ.

ಬೆಳಕಿನಚಿಮಟ

ಎಎಫ್‌ಎಂ ಬಗ್ಗೆ ಮೊದಲು. ಮೆದುವಾದ ಕ್ಯಾಂಟಿಲಿವರ್ ಎಂದರೂ ನ್ಯಾನೋಮೀಟರಿಗೆ 6 ಪಿಕೋನ್ಯೂಟನ್ ಗಡಸು. ಉಷ್ಣ ಕಂಪನದಿಂದಲೇ ಬರುವ ಬಲದ ಗೊಂದಲ 6 ಮತ್ತು 4.1ರ ಗುಣಲಬ್ಧದ ವರ್ಗಮೂಲ, ಅಂದರೆ ಸುಮಾರು 5 ಪಿಕೋನ್ಯೂಟನ್. ನೀವು ಹುಡುಕುತ್ತಿರುವುದು 10ರ ಘಟನೆ. ಉದ್ದದ ಕಾಯಿಲ್ ಆದರೆ ಸಮತಟ್ಟಾದ ಭಾಗವನ್ನು ಸರಾಸರಿ ಮಾಡಿ ಗೊಂದಲ ಇಳಿಸಬಹುದು, ಜಿಪ್ ಬಿಚ್ಚುವುದನ್ನು ಹಾಗೆ ಎಎಫ್‌ಎಂನಲ್ಲೇ ಅಳೆದವರಿದ್ದಾರೆ. 4 ಹೆಪ್ಟಾಡ್‌ನಲ್ಲಿ ಸರಾಸರಿ ಮಾಡಲು ಉದ್ದವೇ ಇಲ್ಲ. 0.1 ಗಡಸಿನ ಆಪ್ಟಿಕಲ್ ಟ್ರ್ಯಾಪ್‌ನಲ್ಲಿ ಅದೇ ಲೆಕ್ಕ 0.64 ಕೊಡುತ್ತದೆ. ಟ್ವೀಜರ್‌ಗೇ ಹೋಗಿ.

ಕನ್‌ಸ್ಟ್ರಕ್ಟ್ ವಿಷಯ. ಒಂದು ತುದಿಯಲ್ಲಿ ಎರಡು ಎಳೆಗಳನ್ನೂ ಡೈಸಲ್ಫೈಡ್‌ನಿಂದ ಬೆಸೆಯಲೇಬೇಕು. ಇದಕ್ಕೆ ಎರಡು ಕಾರಣ. ಬೆಸೆಯದಿದ್ದರೆ ಬಿಚ್ಚಿದ ಮೇಲೆ ಅಣುವೇ ಕೈಬಿಟ್ಟುಹೋಗುತ್ತದೆ. ಅದಕ್ಕೂ ಮೊದಲು, ಟ್ವೀಜರ್‌ಗಾಗಿ ಪಿಕೋಮೋಲಾರ್ ಮಟ್ಟಕ್ಕೆ ತೆಳು ಮಾಡಿದಾಗ ಜೋಡಿ ತಾನಾಗಿಯೇ ಬೇರಾಗುತ್ತದೆ. ಕೊನೆಯ ಹೆಪ್ಟಾಡ್ ಆದ ಮೇಲೆ ಗ್ಲೈಸಿನ್–ಗ್ಲೈಸಿನ್–ಸಿಸ್ಟೀನ್ ಸೇರಿಸಿ. ಎಳೆಗಳು ಒಂದೇ ದಿಕ್ಕಿಗೆ ಇರುವುದರಿಂದ ಎರಡು ಸಿಸ್ಟೀನ್‌ಗಳೂ ಪಕ್ಕಪಕ್ಕ ಬರುತ್ತವೆ, ಪಿಎಚ್ 8ರಲ್ಲಿ ರಾತ್ರಿಯಿಡೀ ಗಾಳಿಗೆ ಬಿಟ್ಟರೆ ಬೆಸೆದುಕೊಳ್ಳುತ್ತವೆ. ಡಿಟಿಟಿ (ಡೈಸಲ್ಫೈಡ್ ಕಡಿಯುವ ರಾಸಾಯನಿಕ) ಹಾಕದ ಎಸ್‌ಡಿಎಸ್ ಜೆಲ್‌ನಲ್ಲಿ (ತೂಕದಂತೆ ಪ್ರೋಟೀನ್ ಬೇರ್ಪಡಿಸುವ ವಿಧಾನ) ದುಪ್ಪಟ್ಟು ತೂಕದ ಪಟ್ಟಿ ಕಂಡರೆ ಆಯಿತು.

ಡಿಎನ್‌ಎ ಹ್ಯಾಂಡಲ್ (ಪ್ರೋಟೀನನ್ನು ಮಣಿಗೆ ಕಟ್ಟುವ ಡಿಎನ್‌ಎ ತುಂಡು) ಅಂಟಿಸಲು ಇನ್ನೊಂದು ತುದಿಯಲ್ಲೂ ಸಿಸ್ಟೀನ್ ಹಾಕುವ ಆಸೆ ಆಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ನಾಲ್ಕು ಸಿಸ್ಟೀನ್‌ಗಳಲ್ಲಿ ಯಾವುದು ಯಾವುದರ ಜೊತೆ ಬೆಸೆಯಿತು ಎನ್ನುವುದು ನಿಮ್ಮ ಹಿಡಿತದಲ್ಲಿರುವುದಿಲ್ಲ. ಹ್ಯಾಂಡಲ್ ತುದಿಯ ಎರಡು ಸಿಸ್ಟೀನ್‌ಗಳು ತಮ್ಮಲ್ಲೇ ಬೆಸೆದುಕೊಂಡರೆ ಅಣು ಎರಡೂ ಕಡೆ ಮುಚ್ಚಿದಂತೆ, ಹ್ಯಾಂಡಲ್ ಅಂಟಲು ಜಾಗವೇ ಇರುವುದಿಲ್ಲ. ಹ್ಯಾಂಡಲ್‌ಗೆ ಬೇರೆ ರಸಾಯನ ಬಳಸಿ. ಹನ್ನೊಂದು ಅಮೈನೋ ಆಮ್ಲದ ವೈಬಿಬಿಆರ್ ಟ್ಯಾಗ್ ಹಾಕಿ, ಎಸ್‌ಎಫ್‌ಪಿ ಕಿಣ್ವದಿಂದ ಕೋಎನ್‌ಜೈಮ್-ಎ ಹೊತ್ತ ಡಿಎನ್‌ಎ ಅಂಟಿಸುವುದು ನಂಬಿಕೆಯ ದಾರಿ. ಟ್ಯಾಗ್‌ಗೂ ಮೊದಲ ಹೆಪ್ಟಾಡ್‌ಗೂ ನಡುವೆ ನಾಲ್ಕೈದು ಗ್ಲೈಸಿನ್–ಸೆರಿನ್ ಇರಲಿ.

ನಿಮ್ಮದು ಒಂದೇ ಅನುಕ್ರಮದ ಜೋಡಿ. ಬಯೋಟಿನ್ ಹ್ಯಾಂಡಲ್ ಮತ್ತು ಡಿಗಾಕ್ಸಿಜೆನಿನ್ ಹ್ಯಾಂಡಲ್ (ಒಂದೊಂದೂ ಬೇರೆ ಬಗೆಯ ಮಣಿಗೆ ಅಂಟುವಂಥವು) ಸಮಪ್ರಮಾಣದಲ್ಲಿ ಬೆರೆಸಿದರೆ ಅರ್ಧದಷ್ಟಕ್ಕೆ ಮಾತ್ರ ಒಂದೊಂದು ಬಗೆ ಅಂಟುತ್ತದೆ. ಕಾಲು ಭಾಗಕ್ಕೆ ಎರಡೂ ಬಯೋಟಿನ್, ಕಾಲು ಭಾಗಕ್ಕೆ ಎರಡೂ ಡಿಗಾಕ್ಸಿಜೆನಿನ್. ಅವು ಒಂದೇ ಮಣಿಗೆ ಅಂಟಿಕೊಂಡು ಸುಮ್ಮನಿರುತ್ತವೆ, ಇಳುವರಿ ಅರ್ಧ ಎಂದು ಮೊದಲೇ ಲೆಕ್ಕ ಹಾಕಿಕೊಂಡರೆ ಸಾಕು.

ಹ್ಯಾಂಡಲ್ 500 ಬೇಸ್ ಜೋಡಿ ಉದ್ದ ಇದ್ದರೆ ಒಂದೊಂದು 170 ನ್ಯಾನೋಮೀಟರ್. ಮಣಿಗಳು ತೀರ ಹತ್ತಿರ ಬಂದರೆ ಒಂದರ ಬೆಳಕು ಇನ್ನೊಂದರ ಸಂಕೇತಕ್ಕೆ ಸೇರುತ್ತದೆ, ಹಾಗೆಂದು ಹ್ಯಾಂಡಲ್ ಬಹಳ ಉದ್ದವಾದರೆ ಮೆದುವಾಗಿ ಸಣ್ಣ ಜಿಗಿತಗಳು ಕಳೆದುಹೋಗುತ್ತವೆ. ಮಣಿ 1 ಮೈಕ್ರೋಮೀಟರ್ ವ್ಯಾಸದ್ದಿರಲಿ. 0.2 ಗಡಸಿನಲ್ಲಿ ಅದರ ಕಾರ್ನರ್ ಫ್ರೀಕ್ವೆನ್ಸಿ (ಮಣಿ ಹಿಂಬಾಲಿಸಬಲ್ಲ ಚಲನೆಯ ವೇಗದ ಮಿತಿ) ಸುಮಾರು 3.8 ಕಿಲೋಹರ್ಟ್ಸ್. 3 ಮೈಕ್ರೋಮೀಟರ್ ಮಣಿಯಲ್ಲಿ ಅದು ಮೂರನೇ ಒಂದಕ್ಕೆ ಇಳಿಯುತ್ತದೆ, ಮಿಲಿಸೆಕೆಂಡಿನ ಜಿಗಿತಗಳು ಮಸುಕಾಗುತ್ತವೆ.

ಬಫರ್‌ಬಾಟಲಿ

ಬಫರ್ ಕಡೆಯಿಂದ ಎರಡು ಎಚ್ಚರಿಕೆ.

ಟ್ರ್ಯಾಪ್‌ನ 1064 ನ್ಯಾನೋಮೀಟರ್ ಲೇಸರ್ ಮಣಿಯ ಹತ್ತಿರ ಆಮ್ಲಜನಕವನ್ನು ಕೆರಳಿಸಿ ಹ್ಯಾಂಡಲ್‌ಗಳನ್ನು ಹಾಳುಮಾಡುತ್ತದೆ ಎಂದು ಎಲ್ಲರೂ ಗ್ಲೂಕೋಸ್ ಆಕ್ಸಿಡೇಸ್ ಮತ್ತು ಕೆಟಲೇಸ್ ಹಾಕುತ್ತಾರೆ. ಅದರಿಂದ ಗ್ಲೂಕೋನಿಕ್ ಆಮ್ಲ ಹುಟ್ಟುತ್ತದೆ. ಬಫರ್ ತೆಳುವಾಗಿದ್ದರೆ ಒಂದೆರಡು ಗಂಟೆಯಲ್ಲೇ ಪಿಎಚ್ ಇಳಿಯತೊಡಗುತ್ತದೆ. ಕಾಯಿಲ್ಡ್ ಕಾಯಿಲ್‌ಗೆ ಇದು ದೊಡ್ಡ ವಿಷಯ, ‘ಇ’–‘ಜಿ’ ಜೋಡಿಗಳಲ್ಲಿ ಗ್ಲುಟಮೇಟ್ ತನ್ನ ವಿದ್ಯುದಂಶ ಕಳೆದುಕೊಂಡರೆ ಸ್ಥಿರತೆಯೇ ಬದಲಾಗುತ್ತದೆ. ಬೆಳಗಿನ ಅಳತೆಗೂ ಸಂಜೆಯ ಅಳತೆಗೂ ತಾಳೆಯಾಗದಿದ್ದರೆ ಮೊದಲು ಪಿಎಚ್ ನೋಡಿ. ಪೈರನೋಸ್ ಆಕ್ಸಿಡೇಸ್ ಬಳಸಿದರೆ ಈ ತೊಂದರೆ ಇಲ್ಲ.

ಇನ್ನೊಂದು, ಯಾವ ಹಂತದಲ್ಲೂ ಡಿಟಿಟಿ ಅಥವಾ ಅದೇ ಕೆಲಸ ಮಾಡುವ ಟಿಸೆಪ್ ಉಳಿದಿರಬಾರದು. ಉಳಿದರೆ ಬೆಸುಗೆ ಕಡಿಯುತ್ತದೆ. ಲಕ್ಷಣ ಸ್ಪಷ್ಟ: 10–12 ಪಿಕೋನ್ಯೂಟನ್‌ಗೆ ಏರುತ್ತಲೇ ಬಲ ಒಮ್ಮೆಗೇ ಸೊನ್ನೆಗೆ ಬೀಳುತ್ತದೆ, ಮತ್ತೆ ಹತ್ತಿರ ತಂದರೂ ಕೊಂಡಿ ಸಿಗುವುದಿಲ್ಲ. ಮಣಿಯ ಅಂಟು ಬಿಟ್ಟರೂ ಹೀಗೆಯೇ ಆಗಬಹುದು, ಆದರೆ ಅದು ಯಾವುದೋ ಒಂದು ಬಲದಲ್ಲಿ ಆಗುತ್ತದೆ. ಪ್ರತಿ ಸಲವೂ ಬಿಚ್ಚುವ ಬಲದಲ್ಲೇ ಕಡಿದರೆ ಬೆಸುಗೆಯನ್ನೇ ಸಂಶಯಿಸಿ.

ನೂಲೆಳೆ

ಪ್ರೋಟೀನ್ ಶುದ್ಧವಾಗಿದೆ ಎಂದ ಮಾತ್ರಕ್ಕೆ ಅದು ಜೋಡಿಯೇ ಎಂದು ನಂಬಬೇಡಿ. ಜಿಸಿಎನ್4ನ 16ನೇ ಸ್ಥಾನದ ಆಸ್ಪರಾಜಿನ್ ತಿರುಳಿನಲ್ಲಿ ಒಂದು ದುರ್ಬಲ ಕೊಂಡಿ, ನಿಜ, ಆದರೆ ಎರಡೇ ಎಳೆ ಸೇರುವಂತೆ ನೋಡಿಕೊಳ್ಳುವುದೂ ಅದೇ. ಬಲ ಹೆಚ್ಚಲಿ ಎಂದು ಅದನ್ನು ತೆಗೆದು ವೇಲಿನ್ ಹಾಕಿದರೆ ಎರಡೆಳೆ, ಮೂರೆಳೆ ಎರಡೂ ಬೆರೆತು ಬರುತ್ತವೆ. ‘ಎ’ಯಲ್ಲಿ ಐಸೊಲ್ಯೂಸಿನ್, ‘ಡಿ’ಯಲ್ಲಿ ಲ್ಯೂಸಿನ್ ಇದ್ದರೆ ಎರಡೆಳೆ. ಎರಡೂ ಕಡೆ ಐಸೊಲ್ಯೂಸಿನ್ ಇದ್ದರೆ ಮೂರೆಳೆ. ‘ಎ’ಯಲ್ಲಿ ಲ್ಯೂಸಿನ್, ‘ಡಿ’ಯಲ್ಲಿ ಐಸೊಲ್ಯೂಸಿನ್ ಆದರೆ ನಾಲ್ಕೆಳೆ. 1993ರಿಂದಲೇ ಗೊತ್ತಿರುವ ಸಂಗತಿ ಇದು.

ವೃತ್ತೀಯ ಡೈಕ್ರೋಯಿಸಂನಲ್ಲಿ 222 ಮತ್ತು 208 ನ್ಯಾನೋಮೀಟರ್‌ನ ಸಂಕೇತಗಳ ಅನುಪಾತ 1 ಅಥವಾ ಹೆಚ್ಚು ಬಂದರೆ ಹೆಲಿಕ್ಸ್‌ಗಳು ಹೆಣೆದುಕೊಂಡಿವೆ ಎನ್ನಬಹುದು, ಎಷ್ಟು ಎಳೆ ಎಂದು ಅದು ಹೇಳುವುದಿಲ್ಲ. ಅದಕ್ಕೆ ಅನಲಿಟಿಕಲ್ ಅಲ್ಟ್ರಾಸೆಂಟ್ರಿಫ್ಯೂಜ್ ಇಲ್ಲವೇ ಬೆಳಕಿನ ಚದುರಿಕೆ ಜೋಡಿಸಿದ ಜೆಲ್ ಕಾಲಮ್ ಬೇಕು. ಬರೀ ಜೆಲ್ ಕಾಲಮ್ ಸಾಲದು. ಕಾಯಿಲ್ಡ್ ಕಾಯಿಲ್ ಕಡ್ಡಿಯಂತೆ ಉದ್ದ ಇರುವುದರಿಂದ ಬೇಗ ಹೊರಬಂದು, ಇದ್ದದ್ದಕ್ಕಿಂತ ದೊಡ್ಡದೆಂದು ತೋರುತ್ತದೆ.

ಏಳರಮಗ್ಗಿ

ಜಿಗಿತ ಎಷ್ಟು ಉದ್ದ ಬರಬೇಕು ಎಂದು ಮೊದಲೇ ಲೆಕ್ಕ ಹಾಕುವುದು ಹೇಗೆ? ಬಲವನ್ನು ಜಿಗಿತದಿಂದ ಗುಣಿಸಿದರೆ ಸ್ಥಿರತೆಯ ಶಕ್ತಿ ಸಿಗುತ್ತದೆಯೇ?

ಸಮೀಕರಣ

ಗುಣಿಸಿದರೆ ಸಿಗುವುದು ಕೆಲಸ, ಸ್ಥಿರತೆಯ ಶಕ್ತಿ ಅದಕ್ಕಿಂತ ಸಾಕಷ್ಟು ಕಡಿಮೆ. ಒಂದು ಹೆಪ್ಟಾಡ್‌ಗೆ ಮಾಡಿ ತೋರಿಸುತ್ತೇನೆ.

ಒಂದು ಹೆಪ್ಟಾಡ್ ಬಿಚ್ಚಿದರೆ ಎರಡೂ ಎಳೆಗಳಿಂದ 14 ಅಮೈನೋ ಆಮ್ಲ ಹೊರಬರುತ್ತವೆ. ಒಂದಕ್ಕೆ 0.365 ಹಿಡಿದರೆ ಪೂರ್ತಿ ಚಾಚಿದ ಉದ್ದ 5.1 ನ್ಯಾನೋಮೀಟರ್. ಆದರೆ 12 ಪಿಕೋನ್ಯೂಟನ್ ಬಲಕ್ಕೆ ಸರಪಳಿ ಪೂರ್ತಿ ಚಾಚುವುದಿಲ್ಲ. ಪರ್ಸಿಸ್ಟೆನ್ಸ್ ಲೆಂತ್ (ಸರಪಳಿ ಎಷ್ಟು ದೂರ ಬಾಗದೆ ನಿಲ್ಲುತ್ತದೆ ಎನ್ನುವ ಅಳತೆ) 0.5 ನ್ಯಾನೋಮೀಟರ್ ಇಟ್ಟು ಬಾಗುವ ಸರಪಳಿಯ ವರ್ಮ್-ಲೈಕ್-ಚೈನ್ ಸೂತ್ರ ಹಾಕಿದರೆ ಶೇ. 54ರಷ್ಟು ಮಾತ್ರ. ಅಂದರೆ 2.75 ನ್ಯಾನೋಮೀಟರ್. ಕೆಲಸ 12 × 2.75 = 33 ಪಿಕೋನ್ಯೂಟನ್–ನ್ಯಾನೋಮೀಟರ್, ಸುಮಾರು 8 ಕೆಟಿ. ಇದರಲ್ಲಿ ಸಡಿಲ ಸರಪಳಿಯನ್ನು ಶೇ. 54ಕ್ಕೆ ಚಾಚಲು ಹೋದದ್ದು ಸುಮಾರು 3 ಕೆಟಿ. ಕಳೆದರೆ ಹೆಪ್ಟಾಡ್‌ಗೆ ಉಳಿಯುವುದು 5 ಕೆಟಿ. ಆ 3 ಕೆಟಿ ಕಳೆಯದೆ ಬರೆದರೆ ಸ್ಥಿರತೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗಿ ಉಬ್ಬುತ್ತದೆ.

ನಿಮ್ಮ 4 ಹೆಪ್ಟಾಡ್‌ಗೆ ಒಟ್ಟು ಜಿಗಿತ 11 ನ್ಯಾನೋಮೀಟರ್. ಮಡಿಚಿದ ಸ್ಥಿತಿಯಲ್ಲೇ ಎರಡು ತುದಿಗಳ ನಡುವೆ ಇರುವ ಸುಮಾರು 1 ನ್ಯಾನೋಮೀಟರ್ ಕಳೆಯಿರಿ. 10ರ ಸುಮಾರು ಬರಬೇಕು. 7–8 ಬಂದರೆ ಮೊದಲ ಹೆಪ್ಟಾಡ್ ಆಗಲೇ ಬಿಚ್ಚಿಕೊಂಡಿದೆ, ತುದಿ ಸಡಿಲವಾಗಿ ತೊನೆಯುತ್ತಿದೆ ಎಂದರ್ಥ. 10ಕ್ಕಿಂತ ಬಹಳ ಹೆಚ್ಚು ಬಂದರೆ ನಿಮ್ಮ ಎರಡೆಳೆಯ ಊಹೆಯೇ ತಪ್ಪಿರಬಹುದು.

ಬೆಳಕಿನಚಿಮಟ

ಅದಕ್ಕೂ ಮೊದಲು ಮಣಿಗಳ ನಡುವೆ ಒಂದೇ ಕೊಂಡಿ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಅಳತೆ ಎಲ್ಲ ಮುಗಿದ ಮೇಲೆ ಬಲವನ್ನು 65 ಪಿಕೋನ್ಯೂಟನ್‌ವರೆಗೆ ಏರಿಸಿ. ಒಂದೇ ಡಿಎನ್‌ಎ ಇದ್ದರೆ ಅಲ್ಲಿ ಅದು ಸಮತಟ್ಟಾಗಿ ಹಿಗ್ಗುತ್ತದೆ. ಎರಡು ಕೊಂಡಿಗಳು ಪಕ್ಕಪಕ್ಕ ಇದ್ದರೆ 65ರಲ್ಲಿ ಏನೂ ಆಗುವುದಿಲ್ಲ, ಹ್ಯಾಂಡಲ್‌ಗೆ ಹೊಂದಿಸಿದ ಪರ್ಸಿಸ್ಟೆನ್ಸ್ ಲೆಂತ್ ಕೂಡ ಅರ್ಧಕ್ಕೆ ಇಳಿದಿರುತ್ತದೆ. ಈ 65 ಬಲದ ಕ್ಯಾಲಿಬ್ರೇಶನ್‌ಗೂ ಸಾಕ್ಷಿ. ನಿಮ್ಮಲ್ಲಿ 58ಕ್ಕೋ 72ಕ್ಕೋ ಬಂದರೆ ಟ್ರ್ಯಾಪ್‌ನ ಗಡಸನ್ನು ಮತ್ತೆ ಅಳೆಯಿರಿ. ಉಪ್ಪು 150 ಮಿಲಿಮೋಲಾರ್ ಇರಲಿ, ತೀರ ಕಡಿಮೆ ಉಪ್ಪಿನಲ್ಲಿ ಈ 65 ತಾನೇ ಕೆಳಗಿಳಿಯುತ್ತದೆ.

ಕೆರಾಟಿನ್

ವಿಮೆಂಟಿನ್ (ಇನ್ನೊಂದು ಇಂಟರ್ಮೀಡಿಯೆಟ್ ಫಿಲಮೆಂಟ್ ಪ್ರೋಟೀನ್) ಬಗ್ಗೆ ಯಾರಾದರೂ ಕೇಳುತ್ತಾರೆಂದು ಕಾಯುತ್ತಿದ್ದೆ. 10 ನ್ಯಾನೋಮೀಟರ್ ದಪ್ಪದ ಒಂದೇ ಫಿಲಮೆಂಟನ್ನು ಆಪ್ಟಿಕಲ್ ಟ್ರ್ಯಾಪ್‌ನಲ್ಲಿ ಎಳೆದಾಗಲೂ ಅದೇ ಮೂರು ಭಾಗದ ರೇಖೆ ಸಿಗುತ್ತದೆ. ವೇಗ ಹೆಚ್ಚಿಸಿದರೆ ಸಮತಟ್ಟು ಭಾಗ ಮೇಲೇರುತ್ತದೆ. ಎಳೆದು ಬಿಟ್ಟು ಮತ್ತೆ ಎಳೆದರೆ ಉದ್ದ ಮೊದಲಿನದೇ, ಆದರೆ ಎರಡನೇ ಸಲ ನಾರು ಮೆದುವಾಗಿರುತ್ತದೆ. ಮಯೋಸಿನ್ ಪೂರ್ತಿ ಮೊದಲಿನಂತಾಗುತ್ತದೆ, ವಿಮೆಂಟಿನ್ ಆಗುವುದಿಲ್ಲ. ಬಿಚ್ಚಿದ ಹೆಲಿಕ್ಸ್‌ಗಳು ಮತ್ತೆ ಆಲ್ಫಾ ಆಗದೆ ಬೇರೊಂದು ಮಡಿಕೆಯಲ್ಲಿ ನಿಲ್ಲುತ್ತವೆ ಎನ್ನುವುದೇ ಇದಕ್ಕೆ ಹೊಂದುವ ವಿವರಣೆ. ನಾರಿನಲ್ಲಿ ಸುತ್ತಲೂ ಇನ್ನೂ ಹತ್ತಾರು ಎಳೆಗಳು ಒತ್ತಿಕೊಂಡಿರುವಾಗ ಒಂದು ಹೆಲಿಕ್ಸ್‌ಗೆ ತನ್ನ ಜೊತೆಗಾರನನ್ನು ಹುಡುಕಿಕೊಳ್ಳುವುದು ಒಂಟಿ ಅಣುವಿನಷ್ಟು ಸುಲಭವಲ್ಲ.

ಏಳರಮಗ್ಗಿ

ಹೆಪ್ಟಾಡ್ ಲಯ ತಪ್ಪುವ ಜಾಗಗಳು, ಸ್ಟಟರ್, ಸ್ಕಿಪ್ ಎನ್ನುತ್ತಾರಲ್ಲ, ಅವು ದುರ್ಬಲ ಬಿಂದುಗಳೇ? ಕೊನೆಯದಾಗಿ, ಬೆಸುಗೆ ಯಾವ ತುದಿಗೆ ಹಾಕಬೇಕು? ಎನ್ ತುದಿಗೋ, ಸಿ ತುದಿಗೋ?

ನೂಲೆಳೆ

ಸ್ಟಟರ್ ಎಂದರೆ ಲಯದಲ್ಲಿ ನಾಲ್ಕು ಅಮೈನೋ ಆಮ್ಲ ಹೆಚ್ಚಾದಂತೆ. ಏಳರ ಬದಲು ಹನ್ನೊಂದಕ್ಕೆ ಮೂರು ಸುತ್ತು, ಅಂದರೆ ಸುತ್ತಿಗೆ 3.67. ಅದು 3.6ಕ್ಕಿಂತ ಹೆಚ್ಚು, ಹಾಗಾಗಿ ಅಲ್ಲಿ ಎಡಹೊಸೆತ ಸಡಿಲವಾಗಿ ಎಳೆಗಳು ಹೆಚ್ಚುಕಡಿಮೆ ನೇರವಾಗುತ್ತವೆ. ತಿರುಳಿನ ಹೊಂದಾಣಿಕೆ ಕೆಟ್ಟರೂ ಹೆಲಿಕ್ಸ್ ಕೆಡುವುದಿಲ್ಲ. ಜಿಪ್ ಬಿಚ್ಚುವಾಗ ಅಲ್ಲಿ ಬಲ ತಗ್ಗುವ ಸಂಭವ ಹೆಚ್ಚು, ಉದ್ದಕ್ಕೆ ಎಳೆಯುವಾಗ ಅದೇ ಮೊದಲು ಮುರಿಯುತ್ತದೆ ಎನ್ನಲು ಬರುವುದಿಲ್ಲ. ಸ್ಕಿಪ್ ಎಂದರೆ ಲಯದಲ್ಲಿ ಒಂದೇ ಅಮೈನೋ ಆಮ್ಲ ಹೆಚ್ಚಾದದ್ದು. ಮಯೋಸಿನ್ ಬಾಲದಲ್ಲಿ ನಾಲ್ಕು ಸ್ಕಿಪ್‌ಗಳಿವೆ, ಆದರೂ ಸಮತಟ್ಟು ರೇಖೆಯಲ್ಲಿ ನಾಲ್ಕು ಮೆಟ್ಟಿಲು ಕಾಣುವುದಿಲ್ಲ.

ಬೆಳಕಿನಚಿಮಟ

ಬೆಸುಗೆ ಸಿ ತುದಿಗೆ ಹಾಕಿ, ಎನ್ ತುದಿಯಿಂದ ಎಳೆಯಿರಿ, ನಿಮ್ಮ ಅನುಕ್ರಮ ಜಿಸಿಎನ್4ನಿಂದ ಬಂದದ್ದಾದರೆ. ಅದರಲ್ಲಿ ಮಡಿಕೆ ಶುರುವಾಗುವ ಭಾಗ ಸಿ ತುದಿಯ ಅರ್ಧದಲ್ಲಿದೆ. ಬೆಸುಗೆ ಅದರ ಪಕ್ಕದಲ್ಲೇ ಇದ್ದರೆ ಬಲ ಇಳಿಸುತ್ತಲೇ ಅಲ್ಲಿಂದ ಜಿಪ್ ಹಾಕಿಕೊಳ್ಳುತ್ತದೆ, ಬಿಚ್ಚುವ ರೇಖೆಯೂ ಮಡಿಚುವ ರೇಖೆಯೂ ಒಂದರ ಮೇಲೊಂದು ಕೂರುತ್ತವೆ. ಬೆಸುಗೆ ಎನ್ ತುದಿಯಲ್ಲಿದ್ದರೆ ದುರ್ಬಲ ಭಾಗದಿಂದಲೇ ಮಡಿಕೆ ಆರಂಭವಾಗಬೇಕು, ಮಡಿಚುವ ಬಲ ಕೆಳಗಿಳಿಯುತ್ತದೆ, ಎರಡು ರೇಖೆಗಳ ನಡುವೆ ಅಂತರ ಬೀಳುತ್ತದೆ. ಆಗ ಸಮತೋಲನದ ಶಕ್ತಿ ನೇರವಾಗಿ ಓದಲು ಆಗುವುದಿಲ್ಲ, ಎರಡೂ ದಿಕ್ಕಿನ ಕೆಲಸದ ಹಂಚಿಕೆಗಳು ಅಡ್ಡಹಾಯುವ ಬಿಂದುವಿನಿಂದ ತೆಗೆಯಬೇಕು. ನಿಮ್ಮದೇ ಹೊಸ ಅನುಕ್ರಮವಾದರೆ ಎರಡೂ ಬಗೆಯ ಕನ್‌ಸ್ಟ್ರಕ್ಟ್ ಮಾಡಿಸಿ. ಸೆಕೆಂಡಿಗೆ 100 ನ್ಯಾನೋಮೀಟರ್‌ನಿಂದ ಶುರುಮಾಡಿ, ಅಂತರ ಕಂಡರೆ 10ಕ್ಕೆ ಇಳಿಸಿ. 10ರಲ್ಲೂ ಅಂತರ ಹೋಗದಿದ್ದರೆ ಆ ತುದಿಯಿಂದ ಮಡಿಕೆ ಹುಟ್ಟುವುದು ನಿಧಾನ ಎಂದು ಬರೆದುಕೊಂಡು ಇನ್ನೊಂದು ಕನ್‌ಸ್ಟ್ರಕ್ಟ್‌ಗೆ ಹೋಗಿ.